ಹಳೇ ಪ್ಯಾಕೇಜ್‌ಗಳನ್ನು ಒಂದೇ ಸಲ ಅಪ್‌ಡೇಟ್ ಮಾಡಬಹುದಾ?

ಮಲ್ಪೆತೀರ:
ಮಲ್ಪೆ ಬಂದರಿನ ಬೋಟಿನವರು ಮೀನು, ಡೀಸೆಲ್, ಐಸ್, ಕೆಲಸದವರ ಪಾಲು ಇವುಗಳ ಲೆಕ್ಕ ಇಡುವ ಒಂದು ವೆಬ್ ಆ್ಯಪ್ ನನ್ನ ಕೈಗೆ ಬಂದಿದೆ. ನೋಡ್‌ನಲ್ಲಿ ಬರೆದದ್ದು, ಅಂದರೆ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆಯಲ್ಲಿ; ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಅಂದರೆ ಪ್ಯಾಕೇಜ್‌ಗಳು, ಇದರಲ್ಲಿ ಹಲವು ಇವೆ. ಬರೆದವರು ಈಗ ದುಬೈಯಲ್ಲಿದ್ದಾರೆ. ಹೊಸ ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಕೊಟ್ಟರೆ ಸ್ಟೈಲ್ ಫೈಲ್ ಸಿದ್ಧಮಾಡುವ ನೋಡ್-ಸ್ಯಾಸ್ ಪ್ಯಾಕೇಜ್ ಹತ್ತಿರ ನಿಂತುಬಿಡುತ್ತದೆ. ನೆಟ್‌ನಿಂದ ಮಾಹಿತಿ ತರುವ ರಿಕ್ವೆಸ್ಟ್, ತಾರೀಕಿನ ಲೆಕ್ಕದ ಮೊಮೆಂಟ್ ಕೂಡ ಹಳೆಯವೇ. ಪ್ಯಾಕೇಜ್‌ಗಳ ಭದ್ರತಾ ದೋಷ ಹುಡುಕುವ ಆಡಿಟ್ ಹಾಕಿದರೆ ಪರದೆ ತುಂಬ ಕೆಂಪು. ಮಳೆಗಾಲದ ನಿಷೇಧದಿಂದ ಈಗ ಬೋಟುಗಳು ದಡದಲ್ಲಿವೆ, ಆಗಸ್ಟ್ 1ರಿಂದ ಮತ್ತೆ ಕಡಲಿಗೆ. ಅಷ್ಟರೊಳಗೆ ಸರಿಮಾಡಬೇಕು. ‘ಆಡಿಟ್ ಫಿಕ್ಸ್’ಗೆ ಫೋರ್ಸ್ ಸೇರಿಸಿ ಕೊಟ್ಟುಬಿಡಲಾ?

ಬಿಜೈ ಕೋಡರ್:
ಫೋರ್ಸ್ ಬೇಡ ಮಾರ್ರೆ. ಪ್ಯಾಕೇಜ್ ಫೈಲಿನಲ್ಲಿ ಹಾಕಿದ ವರ್ಷನ್ ಮಿತಿಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೇಜರ್ ವರ್ಷನ್ ದಾಟಿ, ಹಳೇ ಕೋಡಿಗೆ ಹೊಂದದ ಬದಲಾವಣೆ ಇರಬಹುದಾದ ವರ್ಷನ್ನಿಗೆ ಹೋಗುತ್ತದೆ. ಆಮೇಲೆ ಯಾವುದರಿಂದ ಏನು ಕೆಟ್ಟಿತು ಅಂತ ಹುಡುಕುವುದೇ ಕೆಲಸ.

ಮೊದಲು ಬೇಡದ್ದನ್ನು ತೆಗೆಯಿರಿ. ಅಪ್‌ಡೇಟ್ ಆಮೇಲೆ. ಡೆಪ್‌ಚೆಕ್ ಓಡಿಸಿದರೆ ಕೋಡಿನಲ್ಲಿ ಎಲ್ಲೂ ಬಳಸದ ಪ್ಯಾಕೇಜ್‌ಗಳ ಪಟ್ಟಿ ಸಿಗುತ್ತದೆ. ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಕಾನ್ಫಿಗ್ ಫೈಲಿನಲ್ಲಿ ಮಾತ್ರ ಹೆಸರಿರುವುದನ್ನೂ ಕೆಲವೊಮ್ಮೆ ಬೇಡದ್ದು ಅನ್ನುತ್ತದೆ. ಒಂದೊಂದೇ ಅನ್‌ಇನ್‌ಸ್ಟಾಲ್ ಮಾಡಿ, ಆ್ಯಪ್ ಓಡಿಸಿ ನೋಡಿ, ಲಾಕ್ ಫೈಲ್ (ಹಾಕಿದ ನಿಖರ ವರ್ಷನ್‌ಗಳ ದಾಖಲೆ) ಸಮೇತ ಕಮಿಟ್ ಮಾಡಿ, ಅಂದರೆ ಬದಲಾವಣೆಯನ್ನು ಕೋಡಿನ ಇತಿಹಾಸದಲ್ಲಿ ದಾಖಲಿಸಿ. ಕೆಂಪು ಅರ್ಧ ಅಲ್ಲೇ ಇಳಿದರೂ ಇಳಿಯಬಹುದು.

ನೋಡ್-ಸ್ಯಾಸ್ ಸರಿಮಾಡಲು ಹೋಗಬೇಡಿ. ಅದು ಸಿ++ ಭಾಷೆಯ ಕೋಡ್ ಮೇಲೆ ನಿಂತದ್ದು, ಅದರ ಒಂದೊಂದು ವರ್ಷನ್ನಿಗೂ ಇಂತಿಂಥ ನೋಡ್ ವರ್ಷನ್ನೇ ಆಗಬೇಕು. ತೆಗೆದು ಅದೇ ಕೆಲಸ ಮಾಡುವ ‘ಸ್ಯಾಸ್’ ಪ್ಯಾಕೇಜ್ ಹಾಕಿ. ರಿಕ್ವೆಸ್ಟ್ 2020ರಲ್ಲೇ ಡೆಪ್ರಿಕೇಟ್ ಆಗಿದೆ, ಅಂದರೆ ಇನ್ನು ಬಳಸಬೇಡಿ ಅಂತ ಹೇಳಿಬಿಟ್ಟಿದ್ದಾರೆ. ನೋಡ್ 18ರಿಂದ ಅದೇ ಕೆಲಸದ ಫೆಚ್ ಒಳಗೇ ಇದೆ, ಬೇರೆ ಪ್ಯಾಕೇಜ್ ಯಾಕೆ?

ಉಳಿದದ್ದಕ್ಕೆ ‘ಎನ್‌ಪಿಎಂ ಔಟ್‌ಡೇಟೆಡ್’ ಕೊಡಿ, ಹಳೆಯದಾದ ಪ್ಯಾಕೇಜ್‌ಗಳ ಪಟ್ಟಿ ಬರುತ್ತದೆ. ‘ವಾಂಟೆಡ್’ ಕಾಲಂನಲ್ಲಿ ಬರುವುದು ನಿಮ್ಮ ಮಿತಿಯೊಳಗಿನದು. ಅಷ್ಟನ್ನು ಮೊದಲು ಮಾಡಿ. ‘ಲೇಟೆಸ್ಟ್’ ಬೇರೆ ಇದ್ದರೆ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ಓದಿಯೇ ಮುಟ್ಟಿ.

ಮಣಿಪಾಲ ನೈಟ್‌ಶಿಫ್ಟ್:
ಮೊಮೆಂಟ್ ಬಗ್ಗೆ ಒಂದು ಮಾತು. ಅದಕ್ಕೆ ಹೊಸತೇನೂ ಸೇರಿಸುವುದಿಲ್ಲ ಅಂತ ಅದರ ತಂಡವೇ 2020ರಲ್ಲಿ ಹೇಳಿದೆ, ಆದರೆ ಕೆಲಸ ಮಾಡುತ್ತದೆ. ಅದರ ಬದಲು ಡೇಜೆಎಸ್‌ಗೆ ಹೋಗುವುದಾದರೆ ಜಾಗ್ರತೆ. ಮೊಮೆಂಟಿನಲ್ಲಿ ದಿನ ಕೂಡಿಸಲು ಆ್ಯಡ್ ಕೊಟ್ಟರೆ ಅದೇ ತಾರೀಕು ಬದಲಾಗುತ್ತದೆ. ಡೇಜೆಎಸ್‌ನಲ್ಲಿ ಹೊಸ ತಾರೀಕು ಬರುತ್ತದೆ, ಹಳೆಯದು ಹಾಗೇ ಇರುತ್ತದೆ. ಬಂದದ್ದನ್ನು ಹಿಡಿದುಕೊಳ್ಳದಿದ್ದರೆ ಬೋಟ್ ಹೊರಟ ದಿನವೇ ವಾಪಸ್ ಬಂದ ದಿನ ಅಂತ ತೋರಿಸುತ್ತದೆ. ಎರರ್ ಕೂಡ ಬರುವುದಿಲ್ಲ. ಪಾಲಿನ ಲೆಕ್ಕ ತಪ್ಪಿದರೆ ಕಷ್ಟ ಆಗುವುದು ಕೆಲಸದವರಿಗೆ ಅಲ್ವಾ? ಆ ಲೆಕ್ಕಕ್ಕೆ ಟೆಸ್ಟ್ (ಉತ್ತರ ಸರಿಯೇ ಅಂತ ನೋಡುವ ಕೋಡ್) ಬರೆಯದೆ ಮುಟ್ಟಬೇಡಿ.

ಇನ್ನೊಂದು, ನಾಡದೋಣಿಯವರೂ ಇದನ್ನು ಬಳಸುತ್ತಾರಾ? ಅವರು ಮಳೆಗಾಲದಲ್ಲೂ ಹೋಗುತ್ತಾರೆ. ಹಾಗಿದ್ದರೆ ಹಳೆಯದನ್ನು ಓಡಲು ಬಿಟ್ಟು, ಹೊಸತನ್ನು ಬೇರೆ ಕಡೆ ಹಾಕಿ ನೋಡಿ.

ಮಲ್ಪೆತೀರ:
ಹೌದು, ಕೆಲವು ನಾಡದೋಣಿಯವರೂ ಬಳಸುತ್ತಾರೆ. ಕೋಡಿಗೆ ಬೇರೆ ಬ್ರಾಂಚ್ (ಪ್ರತ್ಯೇಕ ಪ್ರತಿ), ಬೇರೆ ಸರ್ವರ್ ಮಾಡಿದೆ. ನೋಡ್-ಸ್ಯಾಸ್ ತೆಗೆದು ಸ್ಯಾಸ್ ಹಾಕಿದ ಮೇಲೆ ಇನ್‌ಸ್ಟಾಲ್ ಕೊನೆವರೆಗೂ ಹೋಯಿತು. ಸ್ಟೈಲ್ ಫೈಲಿನಲ್ಲಿ ಭಾಗಾಕಾರಕ್ಕೆ ಓರೆಗೆರೆ ಹಾಕಿದ ಕಡೆಯೆಲ್ಲ ವಾರ್ನಿಂಗ್ ಬರುತ್ತಿದೆ.

ಬಿಜೈ ಕೋಡರ್:
ಬರಲಿ, ಅದು ಈಗ ಏನನ್ನೂ ನಿಲ್ಲಿಸುವುದಿಲ್ಲ. ಪುರುಸೊತ್ತಾದಾಗ ಓರೆಗೆರೆಯನ್ನು ಸ್ಯಾಸ್‌ನ ಭಾಗಾಕಾರದ ‘ಮ್ಯಾಥ್ ಡಿವ್’ಗೆ ಬದಲಾಯಿಸಿ. ಮೊದಲು ಪಾಲಿನ ಟೆಸ್ಟ್ ಬರೆಯಿರಿ.