ರಕ್ತನಾಳ ತೆರೆದ ಮೇಲೂ ಕಾಂಟ್ರಾಸ್ಟ್ ಎಕೋ ಏಕೆ?

ಪ್ರಶ್ನೆ:
ಹೃದಯಾಘಾತವಾದ ನಮ್ಮ ತಂದೆಯವರಿಗೆ ಕಳೆದ ವಾರ ಸ್ಟೆಂಟ್ ಹಾಕಿದರು. ರಕ್ತನಾಳ ಪೂರ್ತಿ ತೆರೆದಿದೆ ಎಂದ ವೈದ್ಯರೇ ಈಗ, ಹೃದಯದ ಸ್ನಾಯುವಿಗೆ ರಕ್ತ ತಲುಪುತ್ತಿದೆಯೇ ಎಂದು ನೋಡಲು ಕಾಂಟ್ರಾಸ್ಟ್ ಎಕೋ ಮಾಡಿಸೋಣ ಎನ್ನುತ್ತಿದ್ದಾರೆ. ಇದರ ಅಗತ್ಯವೇನು? ತಂದೆಯವರ ಮೂತ್ರಪಿಂಡ ದುರ್ಬಲವಾಗಿರುವುದರಿಂದ ಕಾಂಟ್ರಾಸ್ಟ್ ಎಂಬ ಹೆಸರು ಕೇಳಿಯೇ ಮನೆಯವರೆಲ್ಲ ಹೆದರಿದ್ದೇವೆ.

ಉತ್ತರ 1:
ಮೂತ್ರಪಿಂಡದ ಚಿಂತೆ ಬೇಡ. ಇದು ಆಂಜಿಯೋಗ್ರಾಮ್‌ಗೆ ಬಳಸುವ ಅಯೋಡಿನ್ ದ್ರಾವಣವಲ್ಲ. ಕೆಂಪು ರಕ್ತಕಣಕ್ಕಿಂತ ಚಿಕ್ಕದಾದ, ಕೊಬ್ಬಿನ ಅಥವಾ ಪ್ರೋಟೀನಿನ ತೆಳು ಪೊರೆಯೊಳಗೆ ಅನಿಲ ತುಂಬಿದ ಗುಳ್ಳೆಗಳನ್ನು ಕೈಯ ರಕ್ತನಾಳದ ಮೂಲಕ ಕೊಡುತ್ತಾರೆ; ಆ ಅನಿಲ ಉಸಿರಿನೊಂದಿಗೆ ಹೊರಹೋಗುತ್ತದೆ.

ಅಗತ್ಯದ ಮಾತಿಗೆ ಬಂದರೆ, ಹೃದಯದ ಸ್ನಾಯುವಿನೊಳಗಿನ ರಕ್ತದಲ್ಲಿ ಸುಮಾರು ಶೇ. 90ರಷ್ಟು ಇರುವುದು ಆಂಜಿಯೋಗ್ರಾಮ್‌ನಲ್ಲಿ ಕಾಣದ ಲೋಮನಾಳಗಳಲ್ಲಿ. ದೊಡ್ಡ ನಾಳ ತೆರೆದರೂ, ಸಣ್ಣ ಹೆಪ್ಪುಗಳಿಂದಲೋ ಊತದಿಂದಲೋ ಈ ಲೋಮನಾಳಗಳು ಕಟ್ಟಿಕೊಂಡೇ ಉಳಿಯಬಹುದು. ಇದನ್ನೇ ವೈದ್ಯರು ‘ನೋ ರಿಫ್ಲೋ’ ಎನ್ನುತ್ತಾರೆ.

ಪರೀಕ್ಷೆಯ ಕ್ರಮ ನನಗಂತೂ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕಡಿಮೆ ಶಕ್ತಿಯ ಅಲ್ಟ್ರಾಸೌಂಡ್‌ನಲ್ಲಿ ಗುಳ್ಳೆಗಳು ಒಡೆಯದೆ ಹೊಳೆಯುತ್ತವೆ. ಆಮೇಲೆ ಕ್ಷಣಕಾಲ ಹೆಚ್ಚಿನ ಶಕ್ತಿ ಹಾಯಿಸಿ ಸ್ನಾಯುವಿನಲ್ಲಿರುವ ಗುಳ್ಳೆಗಳನ್ನು ಬೇಕೆಂದೇ ಒಡೆದು, ಕಪ್ಪಾದ ಆ ಜಾಗಕ್ಕೆ ಹೊಸ ಗುಳ್ಳೆಗಳು ಎಷ್ಟು ಬೇಗ ಬಂದು ತುಂಬುತ್ತವೆ ಎಂದು ನೋಡುತ್ತಾರೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಸ್ನಾಯು ಸುಮಾರು 5 ಸೆಕೆಂಡಿನಲ್ಲಿ ತುಂಬುತ್ತದೆ. ರಕ್ತನಾಳ ಹಿಗ್ಗಿಸುವ ಔಷಧ ಕೊಟ್ಟಾಗ ಸುಮಾರು 2 ಸೆಕೆಂಡು ಸಾಕು. ತುಂಬುವ ವೇಗ ರಕ್ತದ ವೇಗವನ್ನೂ, ಕೊನೆಗೆ ನಿಲ್ಲುವ ಹೊಳಪು ಅಲ್ಲಿರುವ ರಕ್ತದ ಪ್ರಮಾಣವನ್ನೂ ಹೇಳುವುದರಿಂದ ಎರಡರ ಗುಣಲಬ್ಧವೇ ಹರಿವಿನ ಅಳತೆಯಾಗುತ್ತದೆ ಎಂದು ಕೆವಿನ್ ವೇ, ಸಂಜೀವ್ ಕೌಲ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಕಪ್ಪಾಗಿಯೇ ಉಳಿದ ಭಾಗ ಚೇತರಿಸಿಕೊಳ್ಳುವ ಸಾಧ್ಯತೆ ಕಡಿಮೆ.

ಉತ್ತರ 2:
ಒಂದೆರಡು ಎಚ್ಚರಿಕೆ ಸೇರಿಸುತ್ತೇನೆ. ಪಕ್ಕೆಲುಬು, ಶ್ವಾಸಕೋಶಗಳ ನೆರಳು ಬಿದ್ದರೂ ಸ್ನಾಯು ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಚಿತ್ರವನ್ನು ಅನುಭವಿಗಳೇ ಓದಬೇಕು. ಗುಳ್ಳೆಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಕೊಟ್ಟ ಕಟ್ಟುನಿಟ್ಟಿನ ಎಚ್ಚರಿಕೆಯನ್ನು 2008ರಲ್ಲಿ ಸಡಿಲಿಸಿತು. ತೀವ್ರ ಅಲರ್ಜಿ ಅಪರೂಪ, ಆದರೂ ಪರೀಕ್ಷೆ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಇರುವುದು ಒಳ್ಳೆಯದು. ಕೊಬ್ಬಿನ ಪೊರೆಯ ಗುಳ್ಳೆಗಳಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದು ನಿಮ್ಮ ತಂದೆಯವರಿಗೆ ಹಿಂದೆ ಎಂದಾದರೂ ಒಗ್ಗದೆ ಹೋಗಿದ್ದರೆ ಮೊದಲೇ ತಿಳಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಎರಡು ವರ್ಷದ ಹಿಂದೆ ಕೊಲೊನೋಸ್ಕೋಪಿಗೆ ಮೊದಲು ಹೊಟ್ಟೆ ಖಾಲಿ ಮಾಡಿಸುವ ದ್ರಾವಣ ಕುಡಿದಾಗ ತಂದೆಯವರಿಗೆ ಮೈತುಂಬ ದದ್ದು ಎದ್ದಿತ್ತು. ಆ ಪುಡಿಯ ಪೊಟ್ಟಣ ಇನ್ನೂ ಮನೆಯಲ್ಲಿತ್ತು. ಈಗ ತೆಗೆದು ನೋಡಿದರೆ ಅದರ ಮೇಲೆ ಇದೇ ಹೆಸರಿದೆ. ನಾಳೆ ಅದನ್ನೇ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸುತ್ತೇನೆ.