ಬೇರಿಲ್ಲದ ಕಡಲಪಾಚಿ ನಡುಸಮುದ್ರದಾಗ ಏನ್ ತಿಂದು ಬೆಳಿತೈತ್ರಿ?

ಉಣಕಲ್ ಹುಡುಗ:
ನಮಸ್ಕಾರ್ರಿ. ನಿನ್ನೆ ರಾತ್ರಿ ಒಂದು ವಿಡಿಯೋ ನೋಡಿದ್ನಿ, ಮೆಕ್ಸಿಕೊ ಕಡೆ ಬೀಚ್ ತುಂಬ ಕಂದು ಪಾಚಿ ಬಂದು ಬಿದ್ದೈತಿ, ಜೆಸಿಬಿ ಹಚ್ಚಿ ಎತ್ತಾಕತ್ತಾರ. ಸರ್ಗಾಸಮ್ ಅಂತ ಹೆಸರಂತ, ತಳಕ್ಕ ಅಂಟ್ಕೊಳ್ಳೂದ ಇಲ್ಲಂತ, ಸಾಯೂತನ ತೇಲ್ಕೋಂತನ ಇರತೈತಂತ. ನಮ್ಮ ಉಣಕಲ್ ಕೆರಿ ಅಂತರಗಂಗಿ ಆದ್ರ ತಿಳಿತೈತಿ, ಬೇರು ನೀರಾಗ ಇಳಿಬಿಟ್ಟಿರತೈತಿ, ಗಟಾರ ನೀರು ಬಂದು ಸೇರತೈತಿ, ಊಟಕ್ಕೇನ್ ಕಮ್ಮಿ. ನಡುಸಮುದ್ರದಾಗ ಬೇರೂ ಇಲ್ಲ ಮಣ್ಣೂ ಇಲ್ಲ ಗಟಾರೂ ಇಲ್ಲ, ಅದಕ್ಕ ಗೊಬ್ಬರ ಯಾರ್ ಹಾಕ್ತಾರ?

ಗದಗ ಮಾಸ್ತರ:
ತಮ್ಮಾ, ಬೇರು ಯಾವ ಕಡಲಪಾಚಿಗೂ ಇರಂಗಿಲ್ಲ. ಬಂಡಿಗಲ್ಲಿಗೆ ಹತ್ಕೊಂಡಿರೂ ಜಾತಿಗೆ ಬುಡದಾಗ ಒಂದು ಹಿಡಿಕಿ ಇರತೈತಿ ಖರೆ, ಆದ್ರ ಅದು ಗಟ್ಟಿ ಹಿಡ್ಕೊಳ್ಳಾಕಷ್ಟ, ಉಣ್ಣಾಕಲ್ಲ. ನೀರಾಗ ಕರಗಿದ ನೈಟ್ರೇಟ್, ಅಮೋನಿಯಂ, ಫಾಸ್ಫೇಟ್, ಕಬ್ಬಿಣ ಎಲ್ಲಾನೂ ಇಡೀ ಮೈಯಿಂದ ಹೀರ್ಕೋತೈತಿ. ಈ ತೇಲೂ ಸರ್ಗಾಸಮ್ಮಿಗೆ ಸಣ್ಣ ಸಣ್ಣ ಗಾಳಿಗುಳ್ಳಿ ಇರತಾವ, ಅದಕ್ಕ ಮುಳುಗೂದಿಲ್ಲ. ಮುರಿದು ತುಂಡಾತಂದ್ರ ಆ ತುಂಡ ಒಂದು ಹೊಸಾ ಗಿಡ.

ಆದ್ರ ನಿನ್ನ ಪ್ರಶ್ನಿ ಛಲೋ ಐತಿ, ಯಾಕಂದ್ರ ಅಟ್ಲಾಂಟಿಕ್‌ನ ಸರ್ಗಾಸೊ ಸಮುದ್ರದ ಮ್ಯಾಲಿನ ನೀರಾಗ ಪೋಷಕಾಂಶ ಭಾಳ ಕಮ್ಮಿ, ಅಲ್ಲಿ ನೀರು ಅಷ್ಟು ತಿಳಿ ಇರೂದೂ ಅದಕ್ಕ. ಮಂದಿ ಮರಿಯೂದು ಮೀನಿನ ಲೆಕ್ಕಾ ನೋಡು. ಪಾಚಿ ಸಂದ್ಯಾಗ ಮರಿಮೀನು, ಸಿಗಡಿ, ಏಡಿ ಅಡಗಿಕೊಂಡಿರತಾವ, ಅವು ಹೊರಗ ಬಿಡೂ ಅಮೋನಿಯಂ ಅಲ್ಲೇ ಬಾಜೂಕ ಇರೂ ಪಾಚಿಗೆ ಸಿಗತೈತಿ, ಹಿಂಗ ಮೀನಿಗೆ ಮನಿ, ಪಾಚಿಗೆ ಊಟ. ಮತ್ತ ಎಲಿ ಮ್ಯಾಲೆ ಸಯನೋಬ್ಯಾಕ್ಟೀರಿಯಾ ಅನ್ನೂ ಸೂಕ್ಷ್ಮಜೀವಿ ಕುಂತಿರತಾವ, ನೈಟ್ರೋಜನ್ ಅನಿಲ ಹಿಡಿದು ಗೊಬ್ಬರ ಮಾಡತಾವ. ಫಾಸ್ಫರಸ್ಸಿಗೆ ಮಾತ್ರ ಇಂಥಾ ಸಲೀಸು ದಾರಿ ಇಲ್ಲ. ಕಿಣ್ವ ಬಳಸಿ ಸಾವಯವ ಪದಾರ್ಥದಾಗಿಂದ ಬಿಡಿಸ್ಕೋಬೇಕು.

ರಾಣೆಬೆನ್ನೂರು ರೈತ:
ಅಂದ್ರ ಯೂರಿಯಾ ಪುಕ್ಕಟೆ, ಪರದಾಟ ಎಲ್ಲಾ ಫಾಸ್ಫರಸ್ ಇರೂ ಡಿಎಪಿಗೆ ಅನ್ರಿ ಸರ 😄 ಆದ್ರ ಈ ಪಾಚಿ ಮೊದ್ಲೂ ಇತ್ತಲ್ಲ, ಈಗ್ಯಾಕ ಇಷ್ಟು ಹೆಚ್ಚಾತು? ಅಮೆಜಾನ್ ಹೊಳಿ ಗೊಬ್ಬರ ಹೊತ್ಕೊಂಡು ಬರತೈತಿ ಅಂತ ಪೇಪರಿನ್ಯಾಗ ಓದಿದ್ದೆ.

ಸಪ್ತಾಪುರ ಅಕ್ಕ:
ಕೊಲಂಬಸ್ 1492ರಾಗ ಹೋಗುವಾಗೂ ಇತ್ರಿ ಅಣ್ಣಾರ. 2011ರಿಂದೀಚೆಗೆ ಆಫ್ರಿಕಾದಿಂದ ಮೆಕ್ಸಿಕೊ ಕೊಲ್ಲಿತನ ಪಾಚಿದು ಉದ್ದನ ಪಟ್ಟಿ ಆಗಾಕತ್ತೈತಿ, 2018ರ ಜೂನ್‌ದಾಗ ಅದು 8,850 ಕಿ.ಮೀ. ಉದ್ದ, 2 ಕೋಟಿ ಟನ್‌ಗಿಂತ ಜಾಸ್ತಿ ಇತ್ತು. ಅಮೆಜಾನ್ ಒಂದರ ಮ್ಯಾಲೆ ಗೂಬೆ ಕೂರಿಸೂದು ನನಗ ಸರಿ ಅನಸಂಗಿಲ್ಲ. 1980ರ ದಶಕಕ್ಕ ಹೋಲಿಸಿದ್ರ ಪಾಚಿ ಮೈಯಾಗಿನ ನೈಟ್ರೋಜನ್ 35% ಏರೇತಿ ಅಂತ ಫ್ಲಾರಿಡಾದ ವಿಜ್ಞಾನಿ ಬ್ರಯನ್ ಲಪಾಯಿಂಟ್ ತಂಡ 2021ರಾಗ ಹೇಳ್ತು, ಅವರು ಹೊಳಿ ನೀರಿನ ಕಡೆ ಬೊಟ್ಟು ಮಾಡ್ತಾರ. ಆದ್ರ ಭೂಮಧ್ಯರೇಖೆ ಹತ್ರ ಗಾಳಿ ಬೀಸಿ ಮ್ಯಾಲಿನ ನೀರು ಸರದಾಗ ತಳದ ತಣ್ಣನ್ ನೀರು ಫಾಸ್ಫರಸ್ ಹೊತ್ಕೊಂಡು ಮ್ಯಾಲೆ ಬರತೈತಿ, ಆವಾಗ ಮಾಸ್ತರ್ ಹೇಳಿದ ಸಯನೋಬ್ಯಾಕ್ಟೀರಿಯಾಕ್ಕ ಹಬ್ಬ ಅಂತ ಇನ್ನೊಂದು ವಾದ. ನಂದು ಈ ಎರಡನೇದಕ್ಕ ವೋಟು. ಸಹಾರಾ ಧೂಳಿನಾಗ ಕಬ್ಬಿಣನೂ ಬಂದು ಬೀಳತೈತಿ.

ರಾಣೆಬೆನ್ನೂರು ರೈತ:
ಹಂಗಾದ್ರ ಒಣಗಿಸಿ ಹೊಲಕ್ಕ ಹಾಕಿದ್ರ ಮುಗೀತಲ್ಲಕ್ಕ?

ಸಪ್ತಾಪುರ ಅಕ್ಕ:
ಹಂಗ ಸುರುವಂಗಿಲ್ರಿ. ಉಪ್ಪು ಇರತೈತಿ, ಮ್ಯಾಲೆ ಅದು ಗೊಬ್ಬರದ ಜೋಡಿ ಸಮುದ್ರದಾಗಿನ ಆರ್ಸೆನಿಕ್ಕೂ ಹೀರ್ಕೊಂಡಿರತೈತಿ. ಟೆಸ್ಟ್ ಮಾಡಿಸದ ಮೆಣಸಿನ ಹೊಲಕ್ಕ ಹಾಕೂ ಮಾತು ಬ್ಯಾಡ.