ಹಳೇ ಫೋಟೊಗಳಿಗೊಂದು ವೆಬ್‌ಸೈಟ್: ಮುಂಬಯಿ ಕನ್ನಡಿಗರ ಗುಂಪಿನಲ್ಲಿ ವಿನ್ಯಾಸಕಿಯೊಂದಿಗೆ ಪ್ರಶ್ನೋತ್ತರ

ಡೊಂಬಿವಲಿ ಸದಸ್ಯ: ಮೇಡಂ, ನಮ್ಮ ಯಕ್ಷಗಾನ ಮಂಡಳಿಯ ಹಳೇ ಫೋಟೊಗಳಿಗೆ ವೆಬ್‌ಸೈಟ್ ಮಾಡಬೇಕು. ಹಳೆಗಾಲದ ಕಳೆ ಬರಲು ಎಲ್ಲಕ್ಕೂ ಸೆಪಿಯಾ, ಅಂದರೆ ಕಂದು ಛಾಯೆ, ಹಾಕಬಹುದಲ್ಲ?

ವಿನ್ಯಾಸಕಿ: ಬೇಡ. ಆ ಕಳೆ ಪುಟದ ಹಿನ್ನೆಲೆ, ಅಂಚು, ಅಕ್ಷರಗಳಲ್ಲಿ ಬರಲಿ. ಫೋಟೊ ಇದ್ದಂತೆಯೇ ಇರಲಿ.

ಮಾಟುಂಗಾ ಸದಸ್ಯೆ: ಅಜ್ಜನ ಹೋಟೆಲಿನ ಕಪ್ಪು-ಬಿಳುಪು ಫೋಟೊ ಮುಖಪುಟಕ್ಕೆ ಬೇಕು ಅಕ್ಕ. ಮಳೆಗಾಲದಲ್ಲಿ ಫ್ರೇಮಿನ ಗಾಜಿಗೆ ಅಂಟಿಬಿಟ್ಟಿದೆ, ಮೂಲೆಯಲ್ಲಿ ಬೂಷ್ಟು. ಬೇರೆ ಪ್ರತಿ ಇಲ್ಲ. ಬಿಸಿನೀರಲ್ಲಿ ನೆನೆಸಿ ಬಿಡಿಸಿ ಅಂತ ಫಾರ್ವರ್ಡ್ ಬಂದಿದೆ. ಮಾಡಲಾ?

ವಿನ್ಯಾಸಕಿ: ದಯವಿಟ್ಟು ಮಾಡಬೇಡಿ. ಚಿತ್ರ ಇರುವುದೇ ತೆಳ್ಳನೆಯ ಜೆಲಟಿನ್ ಪದರದಲ್ಲಿ. ತೇವಕ್ಕೆ ಅದು ಉಬ್ಬಿ ಗಾಜನ್ನು ಹಿಡಿದಿದೆ. ಬಿಸಿನೀರಿಗೆ ಕರಗಲೂಬಹುದು; ಎಳೆದರೆ ಅಜ್ಜನ ಮುಖ ಗಾಜಿನಲ್ಲೇ ಉಳಿದೀತು. ಮರದ ಚೌಕಟ್ಟು ಮಾತ್ರ ಬಿಚ್ಚಿ, ಗಾಜಿನ ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ, ಗಾಜಿನ ಸಮೇತ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ. 4×6 ಇಂಚಿನ ಫೋಟೊ 2400×3600 ಪಿಕ್ಸೆಲ್ ಆಗುತ್ತದೆ. ಅದನ್ನು ಗುಣಮಟ್ಟ ಕುಗ್ಗದ ಟಿಫ್ ಫೈಲ್ ಆಗಿ ಕಾಪಾಡಿ, ಸೈಟಿಗೆ 1600 ಪಿಕ್ಸೆಲ್ ಅಗಲದ ಹಗುರ ಜೆಪೆಗ್ ಫೈಲ್ ಸಾಕು. ಗಾಜಿನ ದಪ್ಪಕ್ಕೆ ಮಸುಕಾಗಿ ಬಂದರೆ ಮೇಲಿನಿಂದ ನೇರವಾಗಿ ಕ್ಯಾಮೆರಾದಲ್ಲಿ ತೆಗೆಯಿರಿ, ಎರಡೂ ಬದಿಯಿಂದ ಓರೆ ಬೆಳಕು, ಫ್ಲ್ಯಾಶ್ ಬೇಡ. ಬೂಷ್ಟಿನ ಕಲೆಯನ್ನು ಕಂಪ್ಯೂಟರಿನಲ್ಲಿ ತಿದ್ದೋಣ. ಬಿಡಿಸುವುದು ಸಂರಕ್ಷಣೆ ಬಲ್ಲವರ ಕೆಲಸ. ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಕಲಾ ಸಂರಕ್ಷಣಾ ಕೇಂದ್ರವಿದೆ, ಅಲ್ಲಿ ವಿಚಾರಿಸಿ.

ಥಾಣೆ ಸದಸ್ಯ: ಕೊಬ್ಬರಿ ಎಣ್ಣೆ ಸವರಿದರೆ ಬೂಷ್ಟು ಹೋಗುತ್ತದಂತೆ. ವಿಡಿಯೊ ಹಾಕಿದ್ದೇನೆ.

ವಿನ್ಯಾಸಕಿ: ಎಣ್ಣೆ, ಟೂತ್‌ಪೇಸ್ಟ್, ಹೇರ್‌ಡ್ರೈಯರ್ ಯಾವುದೂ ಬೇಡ. ಅವರ ಹತ್ತಿರ ಇರುವುದು ಒಂದೇ ಪ್ರತಿ ಸರ್.

ಪನ್ವೇಲ್ ಸದಸ್ಯ: ಸೆಪಿಯಾಕ್ಕೆ ಯಾವ ಆ್ಯಪ್ ಒಳ್ಳೇದು?

ವಿನ್ಯಾಸಕಿ: ಮೇಲೆ ಓದಿ.

ಡೊಂಬಿವಲಿ ಸದಸ್ಯ: ಸೆಪಿಯಾ ಇಲ್ಲದೆ ಹಳೇದು ಅಂತ ಜನರಿಗೆ ಗೊತ್ತಾಗುವುದು ಹೇಗೆ?

ಮುಲುಂಡ್ ಸದಸ್ಯ: ನಿಮ್ಮದು ಕಲರ್ ಫೋಟೊ ಮಾರಾಯ್ರೇ. ಬಣ್ಣದ ವೇಷದ ಕೆಂಪು ಹೋದ ಮೇಲೆ ನೋಡಲಿಕ್ಕೆ ಏನುಂಟು?

ಡೊಂಬಿವಲಿ ಸದಸ್ಯ: ನಮ್ಮ ಮಂಡಳಿ, ನಮ್ಮ ಫೋಟೊ. ನೀವು ವೇಷ ಕಟ್ಟಿದ್ದುಂಟಾ?

ಮುಲುಂಡ್ ಸದಸ್ಯ: ಚೌಕಿಯಲ್ಲಿ ಕೂತು ಬಣ್ಣ ಹಚ್ಚಿಕೊಂಡವನೇ ಹೇಳುತ್ತಿರುವುದು.

ಡೊಂಬಿವಲಿ ಸದಸ್ಯ: ಹಾಗಾದರೆ ಸೈಟೂ ನೀವೇ ಮಾಡಿ.

ವಿನ್ಯಾಸಕಿ: ಇಬ್ಬರೂ ನಿಲ್ಲಿಸಿ. ಸೆಪಿಯಾ ಅಂದರೆ ಮೂಲತಃ ಕಪ್ಪು-ಬಿಳುಪು ಪ್ರತಿಯ ಬೆಳ್ಳಿಯನ್ನು ಸಲ್ಫೈಡ್ ಮಾಡಿ ಬಾಳಿಕೆ ಹೆಚ್ಚಿಸುವ ಕ್ರಮ. ಕಲರ್ ಫೋಟೊಗೆ ಸಲ್ಲದು. ಬೇಕೇ ಬೇಕೆಂದರೆ ಸಿಎಸ್‌ಎಸ್‌ನ (ವೆಬ್ ಪುಟದ ರೂಪ ಹೇಳುವ ಕೋಡ್) ಸೆಪಿಯಾ ಫಿಲ್ಟರನ್ನು ಸಣ್ಣ ಚಿತ್ರಗಳಿಗಷ್ಟೇ ಹಾಕಿ, ಒತ್ತಿದರೆ ಮೂಲ ಬಣ್ಣ ತೆರೆದುಕೊಳ್ಳಲಿ. ಮೂಲ ಫೈಲನ್ನು ಮುಟ್ಟಬೇಡಿ.

ಪುಣೆ ಸದಸ್ಯೆ: ಸ್ಟುಡಿಯೊದವರು ತೆಗೆದ ಮದುವೆ ಫೋಟೊ ಹಾಕಲು ಅವರ ಒಪ್ಪಿಗೆ ಬೇಕಾ?

ವಾಶಿ ಸದಸ್ಯ: ನುಡಿ ತಂತ್ರಾಂಶದಲ್ಲಿ ಬರೆದ ಶೀರ್ಷಿಕೆಗಳು ಸೈಟಿನಲ್ಲಿ ಏನೇನೋ ಕಾಣುತ್ತಿವೆ.

ವಿನ್ಯಾಸಕಿ: ಎಲ್ಲ ಸಾಧನಗಳೂ ಓದಬಲ್ಲ ಯೂನಿಕೋಡ್ ಅಕ್ಷರಕ್ಕೆ ಬದಲಿಸಿ. ಸಾಲುಗಳ ನಡುವೆ ಜಾಗ ಬಿಡಿ, ಒತ್ತಕ್ಷರ ಕತ್ತರಿಸಬಾರದು.

ಪನ್ವೇಲ್ ಸದಸ್ಯ: ಆ್ಯಪ್ ಹೆಸರು ಹೇಳಲೇ ಇಲ್ಲ.

ಥಾಣೆ ಸದಸ್ಯ: ಎಣ್ಣೆಯಿಂದ ನಮ್ಮ ಫೋಟೊಗೇನೂ ಆಗಿಲ್ಲ. ನೀವು ಹೇಳಿದ್ದೊಂದೇ ಸರಿಯೋ?

ವಿನ್ಯಾಸಕಿ: ಕಾಗದ ಹೀರಿದ ಎಣ್ಣೆಯನ್ನು ನೀವು ವಾಪಸ್ ತೆಗೆಯುತ್ತೀರಾ? ಮೊದಲು ಆ ವಿಡಿಯೊ ಅಳಿಸಿ. ಮಾಟುಂಗಾದವರೇ, ಸ್ಕ್ಯಾನ್ ಆದರೆ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಕುಗ್ಗಿಸಿಬಿಡುತ್ತದೆ.